ಫೋಟೋ ತೆಗೆದವಳು

“ಇನ್ನೂ ಸ್ವಲ್ಪ ಎಡಕ್ಕೆ ಬಾಮ್ಮ,” ಎಂದಳು ಮಗಳು, ಅಪ್ಪನ ಹಳೆಯ ಫೋಟೋವನ್ನು ಕೋಟೆಯ ಎದುರು ಹಿಡಿದು.

ತಾಯಿ ಸರಿದಳು. ಹೊಂದಲಿಲ್ಲ. ಫೋಟೋದಲ್ಲಿ ಕೋಟೆಯ ಪಕ್ಕದಲ್ಲೇ ಕೆರೆ. ಇಲ್ಲಿ ಕೆರೆಯ ಸುಳಿವೇ ಇಲ್ಲ.

“ಬತ್ತಿಹೋಗಿರಬೇಕು, ಬಿಡು. ಇದನ್ನ ತೆಗೆದವಳು ಯಾರು ಅಂತ ಗೊತ್ತಾದ್ರೆ ಸಾಕು ನನಗೆ,” ಎಂದಳು ತಾಯಿ.

ಹನ್ನೊಂದು ವರ್ಷ ಅವಳ ಗಂಡ ಈ ಪರದೇಶದ ಬಟ್ಟೆ ಕಾರ್ಖಾನೆಯಲ್ಲಿ ದುಡಿದಿದ್ದ. ಇಲ್ಲಿಂದ ಕಳಿಸಿದ ಫೋಟೋ ಮೂರು: ಕೋಟೆ, ಕಲ್ಲಿನ ಸೇತುವೆ, ಗಡಿಯಾರದ ಗೋಪುರ. ಮೂರರಲ್ಲೂ ಅದೇ ಇಸ್ತ್ರಿ ಅಂಗಿ, ಅದೇ ನಗು. ಅತ್ತ ಊರಲ್ಲಿ ಅವಳು ಮಗಳನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ಒಬ್ಬಳೇ ನೋಡಿಕೊಂಡು ಹಣ್ಣಾಗಿದ್ದಳು. ಹೊಟ್ಟೆ ಉರಿಯದೆ ಇದ್ದೀತೆ? ಅವನು ಊರಿಗೆ ಮರಳಿದ ದಿನವೇ ಕೇಳಿದಳು, “ಯಾರ ಜೊತೆ ತಿರುಗಿದ್ರಿ?” ಅವನು ತಲೆ ತಗ್ಗಿಸಿದ. ಅಂದಿನಿಂದ ಊಟ ಬಡಿಸಿದಳು, ಮಾತು ಬಿಟ್ಟಳು.

ಎರಡು ತಿಂಗಳ ಹಿಂದೆ ಅವನು ತೀರಿಕೊಂಡಾಗ ಅವಳಿಗೆ ಅಳು ಬರಲಿಲ್ಲ. ನಿಜ ತಿಳಿದರೆ ಬೈದಾದರೂ ಹಗುರಾಗಬಹುದೆಂದು ಹೊರಟು ಬಂದಿದ್ದಳು. ಪುಣ್ಯಕ್ಕೆ ಮಗಳಿಗೆ ಇಲ್ಲಿಯ ಭಾಷೆ ಬರುತ್ತಿತ್ತು, ಕಾರನ್ನೂ ಅವಳೇ ಓಡಿಸುತ್ತಿದ್ದಳು.

ಸೇತುವೆಗೆ ಇಡೀ ದಿನದ ದಾರಿ. ಗೋಪುರಕ್ಕೆ ಇನ್ನೊಂದು ದಿನ.

“ಇಷ್ಟು ದೂರ ಯಾರಾದ್ರೂ ಒಬ್ಬರೇ ಸುತ್ತುತ್ತಾರೇನೇ? ಜೊತೆಗೆ ಇದ್ದೇ ಇದ್ದಳು ಒಬ್ಬಳು.”

“ಅಪ್ಪ ಸತ್ತ ಮೇಲೂ ಬಿಡಲ್ವಲ್ಲಮ್ಮ ನೀನು.”

“ಬದುಕಿದ್ದಾಗ ಅವರು ಬಾಯಿ ಬಿಟ್ಟಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?”

ಇನ್ನುಳಿದದ್ದು ಫೋಟೋಗಳ ಹಿಂದಿನ ಮುದ್ರೆ. ಮೂರರಲ್ಲೂ ಒಂದೇ ಸ್ಟುಡಿಯೋ, ಕಾರ್ಖಾನೆಯ ಗೇಟಿನ ಎದುರಿನದು. ಬಾಗಿಲು ತೆರೆದವಳು ಒಬ್ಬ ಮುದುಕಿ. ಫೋಟೋ ನೋಡಿ, ತಾನೇ ತೆಗೆದದ್ದೆಂದು ತಲೆಯಾಡಿಸಿದಳು. ತಾಯಿ ಮಗಳ ತೋಳು ಹಿಡಿದೆಳೆದಳು.

“ಎಷ್ಟು ಸಲ ಅವರ ಜೊತೆ ಹೋಗಿದ್ಲು, ಕೇಳು.”

ಮಗಳು ಕೇಳಿದಳು. ಮುದುಕಿ ಹೇಳುತ್ತಾ ಹೋದಳು. ಅದನ್ನು ಅಮ್ಮನಿಗೆ ತಿಳಿಸುವಾಗ ಮಗಳ ದನಿ ಕುಗ್ಗಿತ್ತು.

“ಅಪ್ಪ ಎಲ್ಲಿಗೂ ಹೋಗಿಲ್ವಂತಮ್ಮ. ಎಲ್ಲರ ಪಾಸ್‌ಪೋರ್ಟೂ ಕಾರ್ಖಾನೆಯವರೇ ಇಟ್ಕೊಂಡಿದ್ರಂತೆ. ವಾರಕ್ಕೆ ಅರ್ಧ ಗಂಟೆ ಗೇಟಿಂದಾಚೆ ಬಿಡ್ತಿದ್ರಂತೆ, ಅಷ್ಟೇ. ಆ ಅಂಗಿನೂ ಸ್ಟುಡಿಯೋದ್ದೇ ಅಂತೆ.”

ಮುದುಕಿ ಒಳಗೋಡೆಯ ಹಗ್ಗ ಎಳೆದಳು. ಬಣ್ಣ ಮಾಸಿದ ಪರದೆಗಳು ಒಂದಾದ ಮೇಲೊಂದು ಇಳಿದವು: ಕೋಟೆ, ಸೇತುವೆ, ಗೋಪುರ.