ಮಾತು ಬಿಟ್ಟ ಹೊಟ್ಟೆ

ಬೆಳಿಗ್ಗೆ ಏಳೂವರೆಗೆ ನನ್ನ ಹೊಟ್ಟೆ ಎಂದಿನಂತೆ "ತಿಂಡಿ" ಎಂದಿತು. ಗೋಡೆಯಾಚೆ ಪಕ್ಕದ ಮನೆಯವರ ಹೊಟ್ಟೆ ಆಗಲೇ "ಸಾಕು, ಸಾಕು" ಎನ್ನುತ್ತಿತ್ತು. ಮಗಳು ಇಂಪನಾಳದು ಮಾತ್ರ ಸುಮ್ಮನಿತ್ತು.

ತೂಕ ಇಳಿಸಬೇಕೆಂದು ಅವಳು ಎರಡು ತಿಂಗಳು ಬರೀ ಸೌತೆಕಾಯಿ ತಿಂದಿದ್ದಳು. ಹೊಟ್ಟೆ ಊಟ ಕೇಳಿದಾಗಲೆಲ್ಲ "ಬಾಯಿ ಮುಚ್ಚು" ಎಂದು ಗದರಿದ್ದಳು. ಒಂದು ದಿನ ಅದು ಮುಚ್ಚಿಯೇ ಬಿಟ್ಟಿತು. ಈಗ ಹಸಿದಿದೆಯೋ ತುಂಬಿದೆಯೋ ಅವಳಿಗೇ ತಿಳಿಯುವುದಿಲ್ಲ.

"ಹೊತ್ತಿಗೆ ಸರಿಯಾಗಿ ಬಡಿಸಿ. ಅಳತೆ ಮಾಡ್ಬೇಡಿ, ಬೈಬೇಡಿ. ಅದಾಗೇ ಮಾತಾಡುತ್ತೆ," ಎಂದಿದ್ದರು ಡಾಕ್ಟರು. ಇವತ್ತಿಗೆ ಹತ್ತೊಂಬತ್ತು ದಿನವಾಯಿತು.

ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದೆ. ಗರಿಗರಿ ಅಂಚಿನಿಂದ ಮುರಿಯುತ್ತ ಕೇಳಿದಳು, "ಅಮ್ಮ, ನಂದು ಸತ್ತೋಯ್ತಾ?"

"ಸತ್ತಿಲ್ಲ ಕಣೇ, ಮುನಿಸ್ಕೊಂಡಿದೆ. ನಿಮ್ಮಪ್ಪನ ಕಡೆಯೋರ ಥರ."

ಅವಳು ನಕ್ಕಳು. ರೊಟ್ಟಿ ಮುಗಿಯಿತು. ನಾನು ತಟ್ಟೆ ಎತ್ತಲು ಹೊರಟಾಗ ಅವಳೊಳಗಿಂದ ಗಂಟಲು ಕಟ್ಟಿದಂಥ ಸಣ್ಣ ದನಿ ಬಂತು.

"ಇನ್ನೊಂದು."

ಇಂಪನಾ ಬೆಚ್ಚಿ ನನ್ನ ಮುಖ ನೋಡಿದಳು. ನಾನು ಒಲೆಯ ಕಡೆ ತಿರುಗಿದೆ.

"ನನ್ನ ಯಾಕ್ ನೋಡ್ತೀಯ? ಕೇಳಿದ್ದು ನಾನಲ್ಲ," ಎಂದೆ.

ಓರೆಗಣ್ಣಿನಿಂದ ನೋಡಿದೆ. ಅವಳು ತಲೆ ಬಗ್ಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಮೆಲ್ಲಗೆ ಅದನ್ನೇ ಕೇಳಿದಳು.

"ಬೆಣ್ಣೆ ಹಾಕಿಸ್ಲಾ?"