ಎದುರುಮನೆಯ ದೋಸೆ

ಅಡುಗೆಮನೆಗೂ ವೀಕ್ಷಕ ವಿವರಣೆ ಹೇಳಿಸುವ ರೂಢಿ ಬಂದ ಮೇಲೆ, ಕಬಡ್ಡಿಗೆ ವಿವರಣೆ ಹೇಳುವ ನನ್ನ ಗಂಡ ಪಂದ್ಯವಿಲ್ಲದ ದಿನ ಮೈಕ್ ಹಿಡಿದು ಮನೆಮನೆಗೆ ಹೋಗುತ್ತಾರೆ. ಅವರ ದಿನಚರಿಯ ಸಾಕ್ಷ್ಯಚಿತ್ರ ತೆಗೆಯಲು ಬಂದಿರುವ ಶಬಾನಾ ನಿನ್ನೆಯ ಚಿತ್ರೀಕರಣ ತೋರಿಸಿದಳು. ಎದುರುಮನೆಯ ಪದ್ಮಜಾ ದೋಸೆ ಮಗುಚುತ್ತಿದ್ದಳು.

“ಆಹಾ, ಎಂಥಾ ಕೈಚಳಕ! ಅಂಚು ಹರೀಲಿಲ್ಲ ನೋಡಿ!” ಎಂದು ಇವರು ಕೂಗುತ್ತಿದ್ದರು.

ನನಗೆ ಹೊಟ್ಟೆ ಉರಿಯಿತು. ಇಪ್ಪತ್ತು ವರ್ಷ ನನ್ನ ಕೈಯ ದೋಸೆ ತಿಂದವರು ಒಂದು ಮಾತೂ ಆಡಿಲ್ಲ.

ಇವತ್ತು ನಾನೂ ಎಲ್ಲರಂತೆ ಹೆಸರು ಬರೆಸಿ ಅವರನ್ನು ಗೊತ್ತುಮಾಡಿದೆ.

“ಬನ್ನಿ ಸ್ವಾಮಿ, ನಮ್ಮನೇಗೂ ಬಂದ್ರಲ್ಲ!” ಎಂದೆ.

ಮೈಕ್ ಹಿಡಿದು ಒಲೆಯ ಪಕ್ಕ ನಿಂತರು. ಒಂದು ದೋಸೆ ಮಗುಚಿದೆ. ಎರಡನೆಯದನ್ನು ಹೊಯ್ದು, ಅದನ್ನೂ ಅಂಚು ಹರಿಯದಂತೆ ಮಗುಚಿದೆ.

“ಸರ್, ಏನಾದ್ರೂ ಹೇಳಿ,” ಎಂದಳು ಶಬಾನಾ.

“ತಾಳಮ್ಮ,” ಎಂದರು, “ಆಟ ಶುರುವಾಗ್ಲಿ.”