ಕೊನೆಗೆ ಉಳಿದ ಮೊಟ್ಟೆಗಳು

ಕ್ರಿಸಾಂತೊ ಬೇಯಿಸಿದ ಬಾತುಮೊಟ್ಟೆಯ ತುದಿ ಒಡೆದು, ಒಳಗಿನ ಬಿಸಿ ರಸವನ್ನು ಸೊರ್ರನೆ ಹೀರಿದರು. ಆಮೇಲೆ ಉಪ್ಪು ಮೆತ್ತಿದ ಬೆರಳನ್ನು ನಾಲಿಗೆಗೆ ತಾಗಿಸಿ ಉತ್ತರಪತ್ರಿಕೆಯೊಂದನ್ನು ಮಗುಚಿದರು. ಹಾಳೆಯ ಮೂಲೆಯಲ್ಲಿ ಒದ್ದೆ ಕಲೆ ಮೂಡಿತು.

ಯುಲಾಲಿಯಾ ಮುಖ ತಿರುಗಿಸಿದಳು. ಅವಳೂ ಈ ಸರೋವರದ ದಡದಲ್ಲೇ ಹುಟ್ಟಿದವಳು, ಮರಿ ಕಟ್ಟಿದ ಮೊಟ್ಟೆ ತಿಂದೇ ಬೆಳೆದವಳು. ಅವಳಿಗೆ ಹೇಸಿಗೆಯಾದದ್ದು ಮೊಟ್ಟೆ ಕಂಡಲ್ಲ, ಮನುಷ್ಯನನ್ನು ಕಂಡು.

ಗಣಿತ ಶಿಕ್ಷಕರಿಗೆ ವರ್ಷಕ್ಕೊಮ್ಮೆ ನಡೆಯುವ ಲೆಕ್ಕದ ಒಗಟುಗಳ ಸ್ಪರ್ಧೆ ಅದು. ಗೆದ್ದವರಿಗೆ ಬೇಕಾದ ಊರಿಗೆ ವರ್ಗ. ಹಿಂದಿನ ಎರಡು ಸಲವೂ ಗೆದ್ದವರು ಕ್ರಿಸಾಂತೊ ಅವರ ಶಾಲೆಯವರು. ತೀರ್ಪುಗಾರರೆಂದು ಉತ್ತರಗಳ ಪಟ್ಟಿ ಮುಂಚೆಯೇ ಸೇರುತ್ತಿದ್ದದ್ದೂ ಕ್ರಿಸಾಂತೊ ಅವರ ಕೈಗೆ. ಅದನ್ನು ಮಾರಿಕೊಳ್ಳುತ್ತಾರೆಂದು ಜನ ಪಿಸುಗುಟ್ಟುತ್ತಿದ್ದರು. ಯುಲಾಲಿಯಾ ನಂಬಿಬಿಟ್ಟಿದ್ದಳು.

ಈ ವರ್ಷ ಒಗಟು ಕಟ್ಟುವ ಕೆಲಸ ಅವಳಿಗೇ ಬಂತು. ತಂಗಿ ಪೆರ್ಲಿತಾ ಸ್ಪರ್ಧೆಗೆ ಕೂರುತ್ತಾಳೆ ಎಂದು ಅವಳು ಕ್ರಿಸಾಂತೊಗೆ ಮೊದಲೇ ಹೇಳಿದ್ದಳು. ಒಂಬತ್ತು ವರ್ಷದಿಂದ ನಡುಗಡ್ಡೆಯ ಶಾಲೆಗೆ ದೋಣಿಯಲ್ಲಿ ಹೋಗಿಬರುವ ತಂಗಿ. ಒಂದೇ ಮನೆಯಲ್ಲಿದ್ದರೂ ಸ್ಪರ್ಧೆ ಮುಗಿಯುವವರೆಗೆ ಒಂದು ತಿಂಗಳು ಅಕ್ಕನ ಕೋಣೆಗೆ ಕಾಲಿಡುವುದಿಲ್ಲ ಎಂದಿದ್ದಳು. ಶುಂಠಿ ಕಷಾಯವನ್ನೂ ಬಾಗಿಲ ಹೊರಗಿಟ್ಟು, "ಅಕ್ಕಾ, ಆರಿಹೋಗುತ್ತೆ" ಎಂದು ಕೂಗಿ ಹೋಗುತ್ತಿದ್ದಳು.

"ಹಾಳೆ ಮೇಲೆ ಹೆಸರಿರಲ್ಲ, ನಂಬರ್ ಮಾತ್ರ; ಹೆಸರು ಬೇರೆ ಮಡಚಿದ ಚೀಟಿಲಿರುತ್ತೆ. ನಿಮ್ಮ ಮೇಲೆ ಯಾರಿಗೆ ಅನುಮಾನ ಬರುತ್ತೆ ಮೇಡಂ?" ಎಂದು ಕ್ರಿಸಾಂತೊ ನಕ್ಕಿದ್ದರು. ಆ ನಗುವೂ ಅವಳಿಗೆ ಜಿಡ್ಡಾಗಿಯೇ ಕಂಡಿತ್ತು.

ಏಳನೆಯ ಒಗಟಿನಲ್ಲಿ ಅವಳು ಬಲೆ ಹೂಡಿದ್ದಳು. ಒಬ್ಬ ಹೆಂಗಸು ಬುಟ್ಟಿಯಲ್ಲಿ ಬಾತುಮೊಟ್ಟೆ ತರುತ್ತಾಳೆ. ಮೊದಲನೆಯವನಿಗೆ ಇದ್ದದ್ದರಲ್ಲಿ ಅರ್ಧ, ಅದರ ಮೇಲೆ ಅರ್ಧ ಮೊಟ್ಟೆ ಕೊಡುತ್ತಾಳೆ. ಉಳಿದದ್ದರಲ್ಲಿ ಎರಡನೆಯವನಿಗೂ ಹಾಗೆಯೇ, ಮೂರನೆಯವನಿಗೂ ಹಾಗೆಯೇ. ಒಂದು ಮೊಟ್ಟೆಯನ್ನೂ ಒಡೆಯುವುದಿಲ್ಲ. ಕೊನೆಗೆ ಎರಡು ಉಳಿಯುತ್ತವೆ. ತಂದದ್ದೆಷ್ಟು?

ಇಪ್ಪತ್ತಮೂರು. ಕ್ರಿಸಾಂತೊಗೆ ಕಳಿಸಿದ ಪಟ್ಟಿಯಲ್ಲಿ ಮಾತ್ರ ಅವಳು ಇಪ್ಪತ್ತೇಳು ಎಂದು ಬರೆದಿದ್ದಳು. ಯಾರ ಹಾಳೆಯಲ್ಲಿ ಇಪ್ಪತ್ತೇಳು ಕಂಡರೂ ಈ ಮನುಷ್ಯನ ಕಥೆ ಮುಗಿದಂತೆ.

ಮೊದಲ ಹಾಳೆ ತೆಗೆದಳು. ಮೂವತ್ತೊಂದು. ಎರಡನೆಯದು, ಮೂವತ್ತೊಂದು. ಮೂರನೆಯದೂ ಅದೇ.

ಇಪ್ಪತ್ತೆರಡು ಹಾಳೆಗಳಲ್ಲಿ ನಾಲ್ಕು ಖಾಲಿ. ಹದಿನೇಳರಲ್ಲಿ ಮೂವತ್ತೊಂದು. ಒಂದರಲ್ಲಿ, ಹನ್ನೆರಡನೆಯ ನಂಬರಿನ ಹಾಳೆಯಲ್ಲಿ ಮಾತ್ರ, ಇಪ್ಪತ್ತಮೂರು.

ಹದಿನೇಳು ಮಂದಿ ಮೇಷ್ಟರುಗಳು, ಒಂದೇ ಎಂಜಲು ನೆಕ್ಕಿದಂತೆ ಒಂದೇ ತಪ್ಪು! ಹನ್ನೆರಡನೆಯ ಹಾಳೆಯನ್ನು ಮಾತ್ರ ಅವಳು ಎರಡೂ ಕೈಯಲ್ಲಿ ಎತ್ತಿಟ್ಟಳು. ಇಡೀ ಕೊಳಚೆಯಲ್ಲಿ ಒಬ್ಬರಾದರೂ ತಮ್ಮ ತಲೆಯನ್ನು ನಂಬಿದ್ದರಲ್ಲ.

"ಸರ್, ಬಲೆಯ ವಾಸನೆ ಹಿಡಿದುಬಿಟ್ರಾ?" ಎಂದಳು. "ಇಪ್ಪತ್ತೇಳು ಅಂತ ಬರೆದು ಕಳಿಸಿದ್ದೆ. ಅದನ್ನ ಬಿಟ್ಟು ಮೂವತ್ತೊಂದು ಮಾರಿದ್ದೀರಿ."

ಕ್ರಿಸಾಂತೊ ಮೊಟ್ಟೆಯ ಚಿಪ್ಪು ಕೆಳಗಿಟ್ಟರು. "ಮಾರೋದಾ? ಏನನ್ನ?"

"ಉತ್ತರಗಳನ್ನ. ನಾಚಿಕೆ ಅನ್ನೋದು ಇಲ್ವಾ ನಿಮಗೆ?"

ಅವರು ಕಿಸೆಯಿಂದ ಒಂದು ಲಕೋಟೆ ತೆಗೆದು ಅವಳ ಮುಂದೆ ಇಟ್ಟರು. ಅವಳೇ ಕಳಿಸಿದ್ದು. ಅವಳೇ ಒತ್ತಿದ ಅರಗು ಬಿರುಕು ಸಹ ಬಿಟ್ಟಿರಲಿಲ್ಲ.

"ಎರಡು ವರ್ಷ ಜನ ಆಡಿಕೊಂಡದ್ದು ಸಾಕಾಗಿತ್ತು ಮೇಡಂ. ಈ ಸಲ ತೆರೆಯೋದೇ ಬೇಡ ಅಂದ್ಕೊಂಡೆ. ಬೆಳಿಗ್ಗೆ ಸ್ಪರ್ಧಿಗಳ ಜೊತೆ ನಾನೂ ಕೂತು ಬಿಡಿಸಿದೆ. ನನಗೂ ಮೂವತ್ತೊಂದೇ ಬಂದದ್ದು."

"ಹೇಗೆ ಬರುತ್ತೆ? ಅದು ತಪ್ಪು!"

"ಅಚ್ಚಾಗಿ ಬಂದದ್ದನ್ನ ಒಂದ್ಸಲ ಓದಿದ್ರಾ?"

ಅವಳು ಓದಿರಲಿಲ್ಲ. ಕೈಬರಹದ ಪ್ರಶ್ನೆಗಳನ್ನು ಮುದ್ರಣಾಲಯಕ್ಕೆ ಕೊಟ್ಟಿದ್ದಳು. ಕಟ್ಟುಗಳು ಮೊಹರಿನೊಂದಿಗೆ ನೇರ ಸಭಾಂಗಣಕ್ಕೆ ಬಂದಿದ್ದವು. ತಾನೇ ಕಟ್ಟಿದ ಒಗಟನ್ನು ಮತ್ತೆ ಓದುವುದೇನು?

ಕ್ರಿಸಾಂತೊ ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಅಚ್ಚಾದ ಹಾಳೆ ಎತ್ತಿ ನಿಧಾನವಾಗಿ ಓದಿದರು. "ಕೊನೆಗೆ ಮೂರು ಮೊಟ್ಟೆಗಳು ಉಳಿಯುತ್ತವೆ."

"ಎರಡು," ಎಂದಳು ಯುಲಾಲಿಯಾ.

"ಮೂರು ಅಂತಿದೆ ಮೇಡಂ. ಅಚ್ಚಿನವರು ತಪ್ಪು ಮಾಡಿದ್ದಾರೆ. ಮೂರು ಉಳಿದ್ರೆ ತಂದದ್ದು ಮೂವತ್ತೊಂದು. ಆ ಹದಿನೇಳು ಜನ ಪಾಪ, ಕಣ್ಣೆದುರಿಗಿದ್ದ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದಿದ್ದಾರೆ."

ಅವಳು ಹಾಳೆ ಕಿತ್ತುಕೊಂಡಳು. ಮೂರು. ಇಪ್ಪತ್ತೆರಡು ಪ್ರಶ್ನೆಪತ್ರಿಕೆಗಳಲ್ಲೂ ಮೂರು.

ಕ್ರಿಸಾಂತೊ ಹನ್ನೆರಡನೆಯ ಹಾಳೆಯತ್ತ ನೋಡಿದರು. ಈ ಸಲ ನಗಲಿಲ್ಲ.

"ಇವರೊಬ್ಬರೇ ಪ್ರಶ್ನೆ ಓದದೆ ಉತ್ತರ ಬರೆದಿರೋದು," ಎಂದರು ಮೆಲ್ಲಗೆ. "ಈ ಇಪ್ಪತ್ತಮೂರು ಎಲ್ಲಿಂದ ಬಂತು ಮೇಡಂ?"

ಲೋಕದಲ್ಲಿ ಅದು ಇದ್ದದ್ದು ಒಂದೇ ಕಡೆ, ಅವಳ ಕೋಣೆಯ ನೋಟುಪುಸ್ತಕದಲ್ಲಿ. ಮತ್ತೆ ಅದೇ ಹೇಸಿಗೆ. ಈಗ ಅದನ್ನು ಎದುರಿಗೆ ಕೂತವರ ಮುಖಕ್ಕೆ ಉಗುಳುವಂತಿರಲಿಲ್ಲ. ಅವಳು ಹನ್ನೆರಡನೆಯ ನಂಬರಿನ ಹೆಸರಿನ ಚೀಟಿಯನ್ನು ಬಿಡಿಸಿದಳು.

ಪೆರ್ಲಿತಾ.